ಒಡಹುಟ್ಟಿದವರ ಸರದಿ

ಅಮೆರಿಕದಲ್ಲಿ ನೆಲೆಸಿದ ಅಣ್ಣನೋ ಅಕ್ಕನೋ ತಮ್ಮನ್ನು ‘ಸ್ಪಾನ್ಸರ್’ ಮಾಡಿ ಎಷ್ಟೋ ವರ್ಷಗಳಾದವು, ಇನ್ನೂ ಕರೆ ಬಂದಿಲ್ಲವೆಂದು ಹಲವು ಹಳೆಯ ವಿದ್ಯಾರ್ಥಿಗಳು ನನಗೆ ಬರೆಯುತ್ತಾರೆ. ಇದಕ್ಕೆ ಯಾವುದೋ ಕಛೇರಿಯ ಆಲಸ್ಯವೇ ಕಾರಣವೆಂದು ಅವರಲ್ಲಿ ಅನೇಕರು ಭಾವಿಸಿದ್ದಾರೆ. ಕಾರಣವಿರುವುದು ಇತಿಹಾಸದಲ್ಲಿ. ಚರಿತ್ರೆಯ ಮೇಷ್ಟ್ರಾಗಿದ್ದ ನನಗೆ ಅದನ್ನು ಇಲ್ಲಿ ಬರೆದಿಡಬೇಕೆನಿಸಿತು.

ಒಂದು ಕಾಲದಲ್ಲಿ ಭಾರತೀಯರಿಗೆ ಆ ದೇಶದ ಬಾಗಿಲು ಮುಚ್ಚಿಯೇ ಇತ್ತು. 1917ರ ಕಾನೂನು ಏಷ್ಯಾದ ಬಹುಭಾಗವನ್ನು ನಿಷಿದ್ಧ ವಲಯವೆಂದು ಸಾರಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ಥಿಂಡ್ ಅವರು ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿಯೇ ಸೇವೆ ಸಲ್ಲಿಸಿದ್ದವರು! 1946ರಲ್ಲಿ ಲೂಸ್-ಸೆಲರ್ ಕಾಯಿದೆಗೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಮೇಲೆ ಪೌರತ್ವದ ಹಕ್ಕೇನೋ ದೊರಕಿತು. ಆದರೆ ಇಡೀ ಭಾರತಕ್ಕೆ ವರ್ಷಕ್ಕೆ ದೊರೆತ ಕೋಟಾ ಕೇವಲ 100. 1952ರ ಕಾಯಿದೆ ಪೌರರ ಒಡಹುಟ್ಟಿದವರಿಗೂ ಒಂದು ಆದ್ಯತೆಯನ್ನು ಕೊಟ್ಟಿತಾದರೂ ಅದು ಇತರರು ಬಳಸದೆ ಉಳಿಸಿದ ಪಾಲಿನಲ್ಲಿ ಮಾತ್ರ. ನೂರರ ಕೋಟಾದಲ್ಲಿ ಉಳಿಯುವುದಾದರೂ ಏನು?

ನಿಜವಾದ ತಿರುವು ಬಂದುದು 1965ರಲ್ಲಿ. ಆ ವರ್ಷ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್, ಸ್ವಾತಂತ್ರ್ಯ ದೇವತೆಯ ಪ್ರತಿಮೆಯ ಅಡಿಯಲ್ಲಿ ಹಾರ್ಟ್-ಸೆಲರ್ ಕಾಯಿದೆಗೆ ಸಹಿ ಹಾಕಿದರು. ಇದರ ಹಿಂದಿನ ಕಥೆ ಬಹು ಸ್ವಾರಸ್ಯಕರವಾದುದು. ವಿದ್ಯೆ ಮತ್ತು ಕೌಶಲ ಉಳ್ಳವರಿಗೆ ಅರ್ಧದಷ್ಟು ಪಾಲು ಮೀಸಲಿಡಬೇಕೆಂಬುದು ಸರ್ಕಾರದ ಮೂಲ ಯೋಜನೆಯಾಗಿತ್ತು. ಅದನ್ನು ಮೊಂಡುತನದಿಂದ ಎದುರಿಸಿದವರು ಒಹಾಯೋದ ಪ್ರತಿನಿಧಿ ಮೈಕೇಲ್ ಫೀಗನ್. ಅವರ ಹಟದಿಂದ ನೂರಕ್ಕೆ 74 ಪಾಲು ಬಂಧುಗಳಿಗೆ ಹೋಯಿತು. ಅದರಲ್ಲಿ 24 ಪಾಲು ‘ಐದನೆಯ ಆದ್ಯತೆ’ ಎನಿಸಿದ ಸಹೋದರ-ಸಹೋದರಿಯರಿಗೆ. ಆಗ ಅಮೆರಿಕದಲ್ಲಿದ್ದವರು ಬಹುತೇಕ ಯೂರೋಪಿನ ಮೂಲದವರಷ್ಟೆ. ಅವರ ಬಂಧುಗಳೂ ಯೂರೋಪಿನವರೇ ಆಗಿರುತ್ತಾರೆ, ಹೀಗಾಗಿ ದೇಶದ ಚಹರೆ ಬದಲಾಗದು ಎಂಬುದು ಈ ಏರ್ಪಾಡನ್ನು ಮೆಚ್ಚಿದ ಹಲವರ ಲೆಕ್ಕಾಚಾರ.

ಲೆಕ್ಕ ಪೂರ್ತಿ ತಲೆಕೆಳಗಾಯಿತು. ಯೂರೋಪು ಆ ವೇಳೆಗೆ ಚೇತರಿಸಿಕೊಂಡಿತ್ತು, ಅಲ್ಲಿಂದ ಹೊರಡುವವರು ಕಡಿಮೆಯಾದರು. ಇತ್ತ ವೃತ್ತಿಪರರಿಗೆ ಉಳಿದಿದ್ದ ಸಣ್ಣ ಪಾಲಿನಲ್ಲಿ ನಮ್ಮ ವೈದ್ಯರೂ ಇಂಜಿನಿಯರರೂ ಹೋದರು, ಐದು ವರ್ಷ ಕಳೆದು ಪೌರರಾದರು, ಬಳಿಕ ತಮ್ಮಂದಿರನ್ನೂ ತಂಗಿಯರನ್ನೂ ಕರೆಸಿಕೊಂಡರು. ಹಾಗೆ ಬಂದ ತಂಗಿ ಪೌರಳಾದ ಮೇಲೆ ಅವಳಿಗೂ ಕರೆಸುವ ಹಕ್ಕು. ಗುಜರಾತಿನ ಪಟೇಲರ ಮೋಟೆಲುಗಳು ಊರೂರಿಗೆ ಹಬ್ಬಿದ್ದರಲ್ಲಿ ಈ ಬಂಧುಸರಪಳಿಯ ಪಾತ್ರ ದೊಡ್ಡದು. ಏಷ್ಯನ್ನರನ್ನು ದೂರವಿಡಲೆಂದು ಕಟ್ಟಿದ ಬೇಲಿಯೇ ಅವರಿಗೆ ದಾರಿಯಾದುದನ್ನು ಕಂಡಾಗ, ಕಾನೂನು ಮಾಡುವವರಿಗಿಂತ ಕಾನೂನಿಗೇ ಹೆಚ್ಚು ತಮಾಷೆಯ ಬುದ್ಧಿಯಿದೆಯೇನೋ ಎನಿಸುತ್ತದೆ.

ಆದರೆ ಸರದಿ ಬೆಳೆಯಿತು. 1990ರ ಕಾಯಿದೆಯು ಒಡಹುಟ್ಟಿದವರನ್ನು ನಾಲ್ಕನೆಯ ಆದ್ಯತೆಗೆ ಸೇರಿಸಿ, ಇಡೀ ಜಗತ್ತಿಗೆ ವರ್ಷಕ್ಕೆ 65,000 ವೀಸಾಗಳನ್ನು ಇಟ್ಟಿತು. ಬಂದವನ ಹೆಂಡತಿ ಮಕ್ಕಳೂ ಈ ಲೆಕ್ಕದೊಳಗೇ. ಜೊತೆಗೆ ಯಾವ ದೇಶಕ್ಕೂ ಒಟ್ಟು ವೀಸಾಗಳ ಶೇಕಡಾ 7ಕ್ಕಿಂತ ಹೆಚ್ಚು ಸಿಗದೆಂಬ ಮಿತಿ. ಪರಿಣಾಮವಾಗಿ, 2025ರ ವೀಸಾ ಬುಲೆಟಿನ್‌ಗಳಲ್ಲಿ ಭಾರತದ ಸರದಿ ಇನ್ನೂ 2006ರ ಅರ್ಜಿಗಳಲ್ಲಿಯೇ ತೆವಳುತ್ತಿತ್ತು. ಈ ವರ್ಗವನ್ನೇ ತೆಗೆದುಹಾಕಬೇಕೆಂದು 1995ರಲ್ಲಿ ಬಾರ್ಬರಾ ಜೋರ್ಡಾನ್ ಆಯೋಗ ಸಲಹೆಯಿತ್ತಿತು. 2013ರಲ್ಲಿ ಸೆನೆಟ್ ಅಂಗೀಕರಿಸಿದ ಮಸೂದೆಯಲ್ಲೂ ಅದೇ ಇತ್ತು. ಎರಡೂ ಕಾನೂನಾಗಲಿಲ್ಲ.

ಇನ್ನು ‘ಒಡಹುಟ್ಟು’ ಎಂಬ ಮಾತು. ನಮ್ಮಲ್ಲಿ ದೊಡ್ಡಪ್ಪನ ಮಗನೂ ಅಣ್ಣನೇ, ಚಿಕ್ಕಮ್ಮನ ಮಗಳೂ ತಂಗಿಯೇ. ಅಲ್ಲಿನ ಕಾನೂನಿಗೆ ತಂದೆ ಅಥವಾ ತಾಯಿ ಒಬ್ಬರಾದರೂ ಸಮಾನವಾಗಿರಬೇಕು, ಅದು ಕಾಗದದಲ್ಲಿ ಕಾಣಬೇಕು. ಇಲ್ಲಿಯೇ ನಮ್ಮವರು ಪೇಚಿಗೆ ಸಿಲುಕುವುದು. ಅಣ್ಣ ಪಾಸ್‌ಪೋರ್ಟು ಮಾಡಿಸುವಾಗ ಊರಿನ ಹೆಸರನ್ನೇ ಮನೆತನದ ಹೆಸರೆಂದು ಬರೆಸಿರುತ್ತಾನೆ, ತಮ್ಮ ತಂದೆಯ ಹೆಸರನ್ನು ಬರೆಸಿರುತ್ತಾನೆ, ತಂಗಿ ಗಂಡನ ಹೆಸರನ್ನು ಸೇರಿಸಿಕೊಂಡಿರುತ್ತಾಳೆ. ಒಂದೇ ತೊಟ್ಟಿಲಲ್ಲಿ ಬೆಳೆದ ಮೂವರು ಕಾಗದದ ಮೇಲೆ ಅಪರಿಚಿತರು! ಜನನ-ಮರಣ ನೋಂದಣಿ ಕಾಯಿದೆ ಬಂದುದೇ 1969ರಲ್ಲಿ. ಅದಕ್ಕೆ ಹಿಂದೆ ಹಳ್ಳಿಗಳಲ್ಲಿ ಹುಟ್ಟಿದ ಎಷ್ಟೋ ಮಂದಿಗೆ ಜನನ ಪತ್ರವೇ ಇಲ್ಲ. ಅಂಥವರು ‘ನೋಂದಣಿಯಾಗಿಲ್ಲ’ವೆಂಬ ದೃಢೀಕರಣ, ಬಲ್ಲ ಹಿರಿಯರ ಅಫಿಡವಿಟ್ಟು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಶಾಲೆಯ ದಾಖಲಾತಿ ಪುಸ್ತಕದ ನಕಲು ಇವನ್ನೆಲ್ಲ ಹೊಂದಿಸಬೇಕಾಗುತ್ತದೆ. ಒಂದನೆಯ ತರಗತಿಗೆ ಸೇರಿಸಲು ಅನುಕೂಲವಾಗುವಂತೆ ಮೇಷ್ಟ್ರು ಬರೆದುಕೊಂಡ ಜನ್ಮದಿನಾಂಕ ಐವತ್ತು ವರ್ಷಗಳ ಬಳಿಕ ಸಮುದ್ರದಾಚೆ ಸಾಕ್ಷ್ಯವಾಗುವುದು ಹೀಗೆ.

ಮನಸ್ಸನ್ನು ಹಿಂಡುವ ಸಂಗತಿ ಮಕ್ಕಳದು. ಅರ್ಜಿ ಹಾಕಿದಾಗ ಅಂಗನವಾಡಿಗೆ ಹೋಗುತ್ತಿದ್ದ ಮಗು, ಸರದಿ ಬರುವ ಹೊತ್ತಿಗೆ ಇಪ್ಪತ್ತೊಂದು ದಾಟಿದ್ದರೆ ತಂದೆತಾಯಿಯರ ಜೊತೆ ಹೋಗುವಂತಿಲ್ಲ. 2002ರ ಕಾಯಿದೆಯೊಂದು ಅರ್ಜಿ ಪರಿಶೀಲನೆಯಲ್ಲಿದ್ದ ಅವಧಿಯನ್ನು ವಯಸ್ಸಿನಿಂದ ಕಳೆಯಲು ಅವಕಾಶ ಕೊಟ್ಟಿತು. ಸರದಿಯಲ್ಲಿ ಕಾದ ವರ್ಷಗಳನ್ನಲ್ಲ. ಹೀಗೆ ವಯಸ್ಸು ಮೀರಿದ ಮಕ್ಕಳಿಗೆ ಹಳೆಯ ಅರ್ಜಿಯ ದಿನಾಂಕ ದಕ್ಕದೆಂದು 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಹೀಗಾಗಿ ಮಗಳನ್ನು ಬಿಟ್ಟು ಅಣ್ಣನ ಬಳಿ ಹೋಗುವುದೋ, ಅಣ್ಣನನ್ನು ಮರೆತು ಮಗಳ ಬಳಿ ಉಳಿಯುವುದೋ ಎಂಬ ಪ್ರಶ್ನೆ ಐವತ್ತರ ವಯಸ್ಸಿನಲ್ಲಿ ಎದುರಾಗುತ್ತದೆ. ಕಾಯುವ ನಡುವೆ ಅರ್ಜಿ ಹಾಕಿದ ಅಣ್ಣನೇ ತೀರಿಕೊಂಡರೆ ಅರ್ಜಿಯೂ ಸಾಮಾನ್ಯವಾಗಿ ಅವನೊಡನೆಯೇ ಹೋಗುತ್ತದೆ; ವಿಶೇಷ ಮನವಿಯಿಂದ ಅದು ಉಳಿಯುವುದು ಅಪರೂಪ.

ಅರ್ಜಿ ಹಾಕಿರುವ ನನ್ನ ವಿದ್ಯಾರ್ಥಿಗಳು ಹಳೆಯ ದಾಖಲಾತಿ ಪುಸ್ತಕಗಳು ಗೆದ್ದಲಿಗೆ ಆಹಾರವಾಗುವ ಮೊದಲೇ ತಮ್ಮ ಶಾಲೆಯಿಂದ ನಕಲು ಪಡೆದಿಟ್ಟುಕೊಳ್ಳಲಿ. ಮನೆ ಬದಲಿಸಿದರೆ ಹೊಸ ವಿಳಾಸವನ್ನು ಮರೆಯದೆ ತಿಳಿಸಲಿ.