ಅಣ್ಣನ ಆರಾಮ ಕುರ್ಚಿ

ನಮ್ಮ ತಂದೆಯನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದೆವು. ಸೋಪ್ ಫ್ಯಾಕ್ಟರಿಯ ಬೆಳಗಿನ ಪಾಳಿ ಮುಗಿಸಿ ಬಂದವರು ಕೈಕಾಲು ತೊಳೆದು, ರಾಜಾಜಿನಗರದ ಮನೆಯ ವರಾಂಡದಲ್ಲಿದ್ದ ಆರಾಮ ಕುರ್ಚಿಯಲ್ಲಿ ಒರಗುತ್ತಿದ್ದರು. ಕಾಫಿ ಅಲ್ಲಿಗೇ ಹೋಗುತ್ತಿತ್ತು.

ತೇಗದ ಚೌಕಟ್ಟು, ಹಸಿರು ಪಟ್ಟೆಯ ಕ್ಯಾನ್ವಾಸ್. ಬಟ್ಟೆಯ ಎರಡೂ ತುದಿ ಮಡಿಸಿ ಹೊಲಿದು, ಅದರೊಳಗೆ ಕೋಲು ತೂರಿಸಿ ಚೌಕಟ್ಟಿಗೆ ಸಿಕ್ಕಿಸಬೇಕು. ಹಿಂದೆ ಮೂರು ಕಚ್ಚು: ಪೇಪರ್ ಓದಲು ಒಂದನೆಯದು, ಮಾತಿಗೆ ಎರಡನೆಯದು, ನಿದ್ದೆಗೆ ಮೂರನೆಯದು. ಕ್ಯಾನ್ವಾಸ್ ಹರಿದಾಗ ಅಮ್ಮ ಚಿಕ್ಕಪೇಟೆಯಿಂದ ದಪ್ಪ ಬಟ್ಟೆ ತರುತ್ತಿದ್ದಳು. ಮನೆಯ ಮಿಷನ್ನಿನ ಸೂಜಿ ಮುರಿದ ಮೇಲೆ ಹೊಲಿಗೆ ಟೈಲರ್ ಪಾಲಾಯಿತು.

ಚಿಕ್ಕಮಗಳೂರು, ಕೊಡಗಿನ ತೋಟದ ಬಂಗಲೆಗಳಲ್ಲಿ ಕಾಲು ಚಾಚಲು ಉದ್ದ ಕೈಗಳಿದ್ದ ಬೆತ್ತದ ಕುರ್ಚಿಗಳಿದ್ದವು, ಅವು ದೊರೆಗಳಿಗೆ. ಕ್ಯಾನ್ವಾಸಿನದು ದುಡಿಯುವವರ ಮನೆಗೂ ಬಂತು. ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರಿನಲ್ಲಿ 1949ರಲ್ಲಿ ನಮ್ಮ ರಾಜಾಜಿನಗರ ಬಡಾವಣೆ ರೂಪುಗೊಂಡಿತು. 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಇಲ್ಲಿಗೆ ಬಂತು. ಸುತ್ತ ಎದ್ದ ಪುಟ್ಟ ಮನೆಗಳಿಗೆ ರಸ್ತೆಗೆ ಮುಖ ಮಾಡಿದ ವರಾಂಡವಿತ್ತು. ಹಗಲೆಲ್ಲ ಯಂತ್ರದ ಮುಂದೆ ನಿಂತ ಬೆನ್ನಿಗೆ ಅಲ್ಲೊಂದು ಜಾಗ ಸಿಕ್ಕಿತು.

ಮೊನ್ನೆ ಕಾರ್ಡ್ ರಸ್ತೆಯ ಅಂಗಡಿಯೊಂದರಲ್ಲಿ ವಿಂಗ್ ಚೇರ್‌ನಲ್ಲಿ ಕೂತು ನೋಡಿದೆ. ತಲೆಯ ಎರಡು ಬದಿಗೂ ಮೆತ್ತನೆಯ ರೆಕ್ಕೆ. 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು. ಸಂದಿಯಿಂದ ನುಗ್ಗುವ ಚಳಿಗಾಳಿ ತಡೆದು, ಅಗ್ಗಿಷ್ಟಿಕೆಯ ಬಿಸಿ ಹಿಡಿದಿಡಲು ಆ ರೆಕ್ಕೆಗಳು. ಚಳಿಯ ನಾಡಿನವರು ತಮ್ಮ ಮೈ ಅರಿತು ಮಾಡಿಕೊಂಡ ಒಳ್ಳೆಯ ಕುರ್ಚಿ ಅದು. ನಮಗೆ ಬೇಕಾದದ್ದು ಗಾಳಿ. ಏಪ್ರಿಲ್‌ನ ಸೆಕೆಯಲ್ಲಿ ಕ್ಯಾನ್ವಾಸಿಗೆ ಒರಗಿದ ಬೆನ್ನು ಬೇಗ ಆರುತ್ತದೆ. ಆಷಾಢದ ಪಡುವಣ ಗಾಳಿ ವರಾಂಡದ ಗ್ರಿಲ್ ದಾಟಿ ನೇರ ಮುಖಕ್ಕೆ ಬರುತ್ತದೆ. ಬೀದಿಯಲ್ಲಿ ಹೋಗುವವರು ನಿಂತು, "ಏನ್ ಸಾರ್, ಡ್ಯೂಟಿ ಮುಗೀತಾ?" ಎಂದರೆ ಕಿವಿಗೆ ಬೀಳುತ್ತದೆ.

ಆರಾಮ ಕುರ್ಚಿ ಹಿಂದೆ ಸರಿದದ್ದು ಸೋಫಾ ಬಂದದ್ದರಿಂದ ಮಾತ್ರ ಅಲ್ಲ. ಒಂದಂತಸ್ತಿನ ಮನೆಗಳು ನಾಲ್ಕಂತಸ್ತಾದವು, ವರಾಂಡವಿದ್ದಲ್ಲಿ ಕಾರು ನಿಂತಿತು. ನಮ್ಮ ಮನೆಯಲ್ಲೂ ಹಾಗೇ ಆಯಿತು.

ಅಣ್ಣನ ಕುರ್ಚಿ ಈಗ ಬಸವೇಶ್ವರನಗರದ ನನ್ನ ಫ್ಲ್ಯಾಟಿನ ಬಾಲ್ಕನಿಯಲ್ಲಿದೆ. ಹೊಸ ಕ್ಯಾನ್ವಾಸ್ ಹೊಲಿಸಿದ್ದೇನೆ. ಸಂಜೆ ಎರಡನೇ ಕಚ್ಚಿನವರೆಗೆ ಒರಗುತ್ತೇನೆ. ಮೂರನೆಯದಕ್ಕೆ ಗೋಡೆ ಅಡ್ಡ ಬರುತ್ತದೆ.