ಕಲ್ಲಿನ ಮಾಡು, ಬಡಗಿಯ ಲೆಕ್ಕ

ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನಕ್ಕೆ ಅಪ್ಪ ನನ್ನನ್ನು ಮೊದಲ ಸಲ ಕರೆದುಕೊಂಡು ಹೋದಾಗ ನನಗೆ ಹತ್ತು ವರ್ಷವಿರಬೇಕು. ಅಘನಾಶಿನಿ ದಂಡೆಯ ನಮ್ಮೂರಲ್ಲಿ ಅಪ್ಪ ಮನೆ ಕಟ್ಟುವ ಬಡಗಿ. ದೇವರಿಗೆ ಕೈಮುಗಿಯುವ ಮೊದಲೇ ಅಂಗಳದಲ್ಲಿ ನಿಂತು ಮಾಡು ನೋಡತೊಡಗಿದ. "ಕೆಲಸ ಕಲ್ಲುಕುಟಿಗಂದು ತಮಾ, ಲೆಕ್ಕ ನಮ್ಮದು" ಎಂದ.

ಆಮೇಲೆ ಪುಸ್ತಕಗಳಿಂದ ಅಧಿಷ್ಠಾನ, ಅಂತರಾಳ, ಜಾಲಂಧ್ರ ಎಂಬ ಹೆಸರುಗಳನ್ನು ಕಲಿತೆ. ಆದರೆ ಈ ಗುಡಿ ನನಗೆ ಅರ್ಥವಾದದ್ದು ಅಪ್ಪನ ಶಬ್ದಗಳಿಂದಲೇ. ಇಲ್ಲಿ ಬಯಲುಸೀಮೆಯ ಗುಡಿಗಳಂತೆ ಎತ್ತರದ ಶಿಖರವಿಲ್ಲ. ಉದ್ದುದ್ದ ಕಲ್ಲುಹಲಗೆಗಳನ್ನು ಇಳಿಜಾರಾಗಿ ಹೊದೆಸಿ, ಎರಡು ಹಲಗೆ ಕೂಡುವ ಸಂದಿನ ಮೇಲೆ ಕಲ್ಲಿನದೇ ಪಟ್ಟಿ ಕೂರಿಸಿದ್ದಾರೆ. ಹಲಗೆಮಾಡಿನ ಸಂದಿಗೆ ಅಪ್ಪ ರೀಪು ಬಡಿಯುತ್ತಿದ್ದದ್ದೂ ಹಾಗೇ. ಕಂಬಗಳ ನಡುವೆ ಅಡ್ಡಡ್ಡ ಕಲ್ಲಿನ ಪಟ್ಟಿಗಳಿವೆ; ಗಾಳಿ ಬೆಳಕು ಒಳಗೆ, ಎರಚಲು ಹೊರಗೆ. ಮಳೆಗಾಲಕ್ಕೆ ನಾವು ಜಗಲಿಗೆ ಕಟ್ಟುತ್ತಿದ್ದ ಸೋಗೆತಟ್ಟಿಯ ಕೆಲಸವೇ ಅದರದ್ದು. ಗೋಡೆಯ ಮೇಲೆ ರಾಮಾಯಣದ ಕಥೆ ಇದೆ. ಅಪ್ಪ ಅದನ್ನು ನೋಡಿದ್ದು ಕೊನೆಗೆ.

ಇಷ್ಟು ಕಲ್ಲುಕೆಲಸಕ್ಕೆ ದುಡ್ಡು ಬಂದದ್ದು ಬಂದರಿನಿಂದ. ಹದಿನಾರನೇ ಶತಮಾನದ ಭಟ್ಕಳದಿಂದ ಕಾಳುಮೆಣಸು, ಅಕ್ಕಿ, ಸಕ್ಕರೆ ಹೊರಗೆ ಹೋಗುತ್ತಿದ್ದವು. ಕುದುರೆ ಒಳಗೆ ಬರುತ್ತಿತ್ತು. 1542ರಲ್ಲಿ ಪೋರ್ಚುಗೀಸರು ಊರನ್ನೇ ಸುಟ್ಟರು. ಆ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಅದೇ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ನಾರಾಯಣನ ಗುಡಿ ಕಟ್ಟಿಸಿದ ಖೇತಪೈ ಆ ಕಾಲದ ಸಿರಿವಂತ ವ್ಯಾಪಾರಿ.

ಭಟ್ಕಳದ ಇನ್ನೊಂದು ದೊಡ್ಡ ಕಟ್ಟಡ ಜಟ್ಟಪ್ಪ ನಾಯಕ ಕಟ್ಟಿಸಿದ ಚಂದ್ರನಾಥ ಬಸದಿ. ಉದ್ದ ಸುಮಾರು 112 ಅಡಿ. ಎದುರಿಗೆ ಮಾನಸ್ತಂಭ. ಮುಂದೆ ಅಗ್ರಶಾಲೆ, ಹಿಂದೆ ಬಸದಿ. ಎರಡಕ್ಕೂ ಎರಡೆರಡು ಅಂತಸ್ತು. ಅವನ್ನು ಜೋಡಿಸುವುದು ಭೋಗಮಂಟಪ. ಅಗ್ರಶಾಲೆ ಎಂದಾಗ ನನಗೆ ನೆನಪಾಗುವುದು ಹೆಬ್ಬಾಗಿಲು ದಾಟಿದರೆ ಸಿಗುವ ದೊಡ್ಡ ಮನೆಗಳ ಹೊರಜಗಲಿ. ಗುಡಿಗೂ ಬಸದಿಗೂ ಒಳಗಿನ ದೇವರು ಬೇರೆ, ಮಾಡಿನ ಇಳಿಜಾರು ಒಂದೇ.

ಗುಡಿಯಲ್ಲಿ ಇನ್ನೊಂದನ್ನು ಕಾಣುವುದು ಬೇರೆ ಕಡೆಯೂ ಇದೆ. ಇಂಗ್ಲೆಂಡಿನ ಹಳೆಯ ಕೆಥೆಡ್ರಲ್‌ಗಳ ಉದ್ದನೆಯ ನಡುಸಾಲೆಗೆ ನೇವ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಹಡಗಿಗೆ ಹೇಳುವ ಶಬ್ದದೊಂದಿಗೆ ಅದನ್ನು ಜೋಡಿಸುತ್ತಾರೆ. ಅಲ್ಲಿಯವರು ಗುಡಿಯೊಳಗೆ ಹಡಗು ಕಂಡರು, ಇಲ್ಲಿಯವರು ಮನೆ ಕಂಡರು. 1876ರಲ್ಲಿ ವಾಸ್ತುಶಿಲ್ಪದ ಇತಿಹಾಸ ಬರೆದ ಜೇಮ್ಸ್ ಫರ್ಗ್ಯುಸನ್‌ಗೆ ಕನ್ನಡ ಕರಾವಳಿಯ ಬಸದಿಗಳ ಇಳಿಜಾರು ಮಾಡು ಕಂಡು ನೇಪಾಳ ನೆನಪಾಯಿತು. ಅಷ್ಟು ದೂರ ಹೋಗಬೇಕಿರಲಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನೆಲದಲ್ಲಿ ಬಡವನ ಸೋಗೆಮಾಡೂ ಅದೇ ಓಟದಲ್ಲಿ ಇಳಿಯುತ್ತದೆ.

ಅಪ್ಪ ಹೋದ ಮೇಲೆ ನಾನು ಹಂಚಿನ ಮಾಡು ಇಳಿಸಿ ತಾರಸಿ ಹಾಕಿಸಿದೆ. ಮೂರನೇ ಮಳೆಗಾಲಕ್ಕೆ ಸೋರಿತು. ಈಗ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಎರಡೂ ಕಡೆ ಇಳಿಜಾರಾಗಿ ಶೀಟು ಹೊದೆಸಿದ್ದೇನೆ. ಕೆಲಸದವರು ಸಂದಿಗೆ ಪಟ್ಟಿ ಬಡಿಯುವಾಗ ನಾನು ಏಣಿ ಹಿಡಿದು ಕೆಳಗೆ ನಿಂತಿದ್ದೆ.