ಶುಶ್ರೂಷೆ ಎಂದರೆ ಕೇಳುವುದು

'ಶುಶ್ರೂಷೆ' ಎಂಬ ಪದವನ್ನು ನಾವು ಆಸ್ಪತ್ರೆಯ ಬೋರ್ಡುಗಳ ಮೇಲೆ, ಕಾಲೇಜುಗಳ ಹೆಸರಿನಲ್ಲಿ ಓದಿ ಮುಂದೆ ಹೋಗಿಬಿಡುತ್ತೇವೆ. ಬಿಡಿಸಿ ನೋಡಿದರೆ ಒಳಗೆ 'ಶ್ರು' ಎಂಬ ಧಾತು ಸಿಗುತ್ತದೆ. ಶ್ರವಣ, ಶ್ರುತಿ, ಶ್ರೋತೃ ಎಲ್ಲ ಬಂದದ್ದು ಅಲ್ಲಿಂದಲೇ. ಜಿಜ್ಞಾಸೆ ಎಂದರೆ ತಿಳಿಯುವ ಬಯಕೆ, ಪಿಪಾಸೆ ಎಂದರೆ ಕುಡಿಯುವ ಬಯಕೆ. ಅದೇ ಅಚ್ಚಿನಲ್ಲಿ ಮೂಡಿದ ಶುಶ್ರೂಷೆ ಎಂದರೆ ಕೇಳುವ ಬಯಕೆ. ಗುರುವಿನ ಮಾತಿಗೆ ಕಿವಿಗೊಡುವುದು, ಆಮೇಲೆ ಗುರುವಿನ ಸೇವೆ, ಕಡೆಗೆ ರೋಗಿಯ ಆರೈಕೆ ಎಂದು ಅದರ ಅರ್ಥ ಹಿಗ್ಗುತ್ತಾ ಬಂತು.

'ದಾದಿ' ಪದ ಬಂದ ದಾರಿ ಬೇರೆ. ಅದು 'ಧಾತ್ರಿ'ಯ ತದ್ಭವ, ಮೊದಲ ಅರ್ಥ ಮೊಲೆಯೂಡಿಸುವ ಸಾಕುತಾಯಿ. ಗುಜರಾತಿಯ 'ಧಾವ್' ಕೂಡ ಇದೇ ಬಳ್ಳಿಯದು. ಇಂಗ್ಲಿಷಿನ 'ನರ್ಸ್' ಲ್ಯಾಟಿನ್ನಿನ 'ಪೋಷಿಸು, ಉಣಿಸು' ಎಂಬ ಕ್ರಿಯಾಪದದಿಂದ ಹೊರಟು, ಮೊದಲಿಗೆ ಮೊಲೆಯೂಡಿಸುವವಳನ್ನೇ ಸೂಚಿಸುತ್ತಿತ್ತು. ಅಂದರೆ ಈ ವೃತ್ತಿಯ ಹೆಸರು ಹುಟ್ಟಿದ್ದೇ ಮಗುವಿನ ಪಕ್ಕದಲ್ಲಿ. ದೊಡ್ಡವರ ಹಾಸಿಗೆಯ ಬಳಿಗೆ ಅದು ಬಂದದ್ದು ಆಮೇಲೆ.

ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವ ನರ್ಸ್‌ಗಳನ್ನು ಹೊಗಳುವಾಗ ನಮಗೆ ಮೊದಲು ನೆನಪಾಗುವುದು 'ದಾದಿ'ಯ ಅರ್ಥ: ತಾಯಿಯಂಥವಳು, ಮಮತೆಯ ಮೂರ್ತಿ. ಆ ಹೊಗಳಿಕೆ ಸುಳ್ಳಲ್ಲ, ಆದರೆ ಸಾಲದು. ಮಕ್ಕಳ ವಾರ್ಡಿನ ಇತಿಹಾಸವನ್ನು ನೋಡಿದರೆ, ಅಲ್ಲಿ ಜೀವ ಉಳಿಸಿದ್ದರಲ್ಲಿ ಮಮತೆಯಷ್ಟೇ ಪಾಲು 'ಶುಶ್ರೂಷೆ'ಯ ಮೂಲ ಅರ್ಥಕ್ಕೂ ಇದೆ: ಹೇಳಲಾರದವರ ಮಾತನ್ನು ಕೇಳಿಸಿಕೊಳ್ಳುವುದು.

* * *

ನಾನಿರುವುದು ಸೂರತ್‌ನ ಪಾಂಡೇಸರಾದಲ್ಲಿ. ಬಟ್ಟೆಗೆ ಬಣ್ಣ ಹಾಕುವ, ಅಚ್ಚು ಹೊಡೆಯುವ ಗಿರಣಿಗಳ ಬಡಾವಣೆ. ಒಡಿಶಾ, ಬಿಹಾರ, ಉತ್ತರ ಪ್ರದೇಶ, ಮಹಾರಾಷ್ಟ್ರಗಳಿಂದ ಬಂದ ಕುಟುಂಬಗಳು ಒಂದೇ ಗಲ್ಲಿಯಲ್ಲಿ ಸಿಗುತ್ತವೆ. ಇಲ್ಲಿಂದ ಜ್ವರದ ಮಗುವನ್ನೆತ್ತಿಕೊಂಡು ನ್ಯೂ ಸಿವಿಲ್ ಆಸ್ಪತ್ರೆಗೆ ಹೋಗುವ ತಾಯಿಯ ಮಾತು ಒಡಿಯಾ ಆಗಿರಬಹುದು, ಭೋಜಪುರಿಯಾಗಿರಬಹುದು. ಎದುರಿನ ಸಿಸ್ಟರ್‌ದು ಗುಜರಾತಿ. ನಡುವೆ ಅರ್ಧಂಬರ್ಧ ಹಿಂದಿ. ಇನ್ನು ಎಂಟು ತಿಂಗಳ ಮಗುವಿಗೆ ಯಾವ ಭಾಷೆಯೂ ಇಲ್ಲ. ಅನುವಾದಕಿಯಾದ ನನ್ನ ಕೈಗೆ ಕನಿಷ್ಠ ಮೂಲ ಪಠ್ಯವಾದರೂ ಸಿಗುತ್ತದೆ. ಆ ಸಿಸ್ಟರ್ ಪಠ್ಯವೇ ಇಲ್ಲದ ಕಡೆ ಅರ್ಥ ಹುಡುಕಬೇಕು.

ಈ ಕಷ್ಟ ಹೊಸದಲ್ಲ. ಆಯುರ್ವೇದದಲ್ಲಿ ಮಕ್ಕಳ ಚಿಕಿತ್ಸೆಗೇ ಮೀಸಲಾದ ಗ್ರಂಥ 'ಕಾಶ್ಯಪ ಸಂಹಿತೆ'. ಅದರ ಸೂತ್ರಸ್ಥಾನದಲ್ಲಿ 'ವೇದನಾಧ್ಯಾಯ' ಎಂಬ ಒಂದು ಅಧ್ಯಾಯವಿದೆ. ಅದರ ಪ್ರಶ್ನೆ ಒಂದೇ: ಮಾತು ಬಾರದ ಶಿಶುವಿಗೆ ಎಲ್ಲಿ ನೋವು ಎಂದು ತಿಳಿಯುವುದು ಹೇಗೆ? ತಲೆನೋವಿದ್ದರೆ ಮಗು ತಲೆಯನ್ನು ಅತ್ತಿತ್ತ ಹೊರಳಿಸುತ್ತದೆ, ಕಣ್ಣು ಮುಚ್ಚುತ್ತದೆ. ಕಿವಿನೋವಿದ್ದರೆ ಕೈ ಮತ್ತೆ ಮತ್ತೆ ಕಿವಿಗೆ ಹೋಗುತ್ತದೆ. ಹೀಗೆ ಒಂದೊಂದು ನೋವಿಗೂ ಒಂದೊಂದು ಚಹರೆ. ಆ ಪಟ್ಟಿ ಓದಿದರೆ, ರಾತ್ರಿಯಿಡೀ ತೊಟ್ಟಿಲ ಪಕ್ಕ ಕೂತು ನೋಡಿದವರು ಯಾರೋ ಅದರ ಹಿಂದೆ ಇರಲೇಬೇಕು ಅನ್ನಿಸುತ್ತದೆ. ಅವರ ಹೆಸರು ಉಳಿದಿಲ್ಲ.

* * *

ಹೆಸರು ಉಳಿದ ಒಬ್ಬರ ಕತೆ ಇಂಗ್ಲೆಂಡಿನದು. 1956ರ ಬೇಸಿಗೆ, ಎಸೆಕ್ಸ್‌ನ ರಾಕ್‌ಫರ್ಡ್ ಜನರಲ್ ಆಸ್ಪತ್ರೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ವಿಭಾಗ ನೋಡಿಕೊಳ್ಳುತ್ತಿದ್ದವರು ಸಿಸ್ಟರ್ ಜೀನ್ ವಾರ್ಡ್. ಹೊರಗಿನ ಗಾಳಿ, ಬಿಸಿಲು ಮಕ್ಕಳಿಗೆ ಒಳ್ಳೆಯದೆಂದು ನಂಬಿದ್ದ ಅವರು, ಬೆಚ್ಚನೆಯ ದಿನಗಳಲ್ಲಿ ಶಿಶುಗಳನ್ನು ಅಂಗಳಕ್ಕೆ ಒಯ್ಯುತ್ತಿದ್ದರು. ಒಂದು ದಿನ ವೈದ್ಯರು ವಾರ್ಡಿನ ಸುತ್ತು ಬಂದಾಗ ಒಂದು ಮಗುವಿನ ಬಟ್ಟೆ ಸರಿಸಿ ತೋರಿಸಿದರು. ಕಾಮಾಲೆಯ ಹಳದಿ ಮೈಯಿಂದ ಬಹುಮಟ್ಟಿಗೆ ಇಳಿದುಹೋಗಿತ್ತು. ಒಂದು ತ್ರಿಕೋನದಷ್ಟು ಚರ್ಮ ಮಾತ್ರ ಗಾಢ ಹಳದಿಯಾಗಿಯೇ ಉಳಿದಿತ್ತು. ಅಲ್ಲಿ ಏನಾದರೂ ಔಷಧಿ ಬಳಿದಿದ್ದೀರಾ ಎಂದು ವೈದ್ಯರು ಕೇಳಿದರು. ಹೊದಿಕೆಯ ಮೂಲೆಯೊಂದು ಆ ಜಾಗವನ್ನು ಮುಚ್ಚಿತ್ತು, ಉಳಿದ ಮೈಗೆ ಬಿಸಿಲು ಬಿದ್ದಿತ್ತು, ಅಷ್ಟೇ.

ಕೆಲವು ವಾರಗಳ ಬಳಿಕ, ಕಿಟಕಿಯ ಬಳಿ ಬಿಸಿಲಲ್ಲಿ ಉಳಿದುಹೋದ ರಕ್ತದ ಮಾದರಿಯೊಂದರಲ್ಲಿ ಬಿಲಿರುಬಿನ್ ಇಳಿದಿರುವುದು ಕಂಡುಬಂತು. ಅದೇ ಆಸ್ಪತ್ರೆಯ ಡಾ. ಕ್ರೀಮರ್ ಮತ್ತು ಸಂಗಡಿಗರು ಎರಡನ್ನೂ ಜೋಡಿಸಿ, ದೀಪಗಳ ತೊಟ್ಟಿಲು ಮಾಡಿ ಪ್ರಯೋಗ ನಡೆಸಿದರು. 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಬಂಧ ಬಂತು. ಬೆಳಕು ಬಿಲಿರುಬಿನ್‌ನ ಅಣುವಿನ ರೂಪ ಬದಲಿಸುತ್ತದೆ, ಆಗ ಅದು ಸುಲಭವಾಗಿ ದೇಹದಿಂದ ಹೊರಹೋಗುತ್ತದೆ. ಇಲ್ಲದಿದ್ದರೆ ಅತಿಯಾದ ಕಾಮಾಲೆ ಶಿಶುವಿನ ಮಿದುಳಿಗೇ ಪೆಟ್ಟು ಕೊಡಬಲ್ಲದು. ಇಂದು ಬೆಂಗಳೂರಿನ ವಾಣಿ ವಿಲಾಸದಲ್ಲಾಗಲಿ ಸೂರತ್‌ನಲ್ಲಾಗಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನೀಲಿ ಬೆಳಕಿನ ಕೆಳಗೆ ಮಲಗಿದ ಪ್ರತಿ ಶಿಶುವೂ ಆ ಹಳದಿ ತ್ರಿಕೋನಕ್ಕೆ ಋಣಿ. ಪ್ರಬಂಧದ ಲೇಖಕರು ಮೂವರು. ಆ ಮೂವರಲ್ಲಿ ಜೀನ್ ವಾರ್ಡ್ ಹೆಸರಿಲ್ಲ.

* * *

ನೋಡುವುದಕ್ಕಿಂತ ಕಷ್ಟ, ಕಂಡದ್ದನ್ನು ನಂಬುವುದು. ಎಳೆಯ ಶಿಶುವಿಗೆ ನೋವಿನ ಅರಿವು ಅಷ್ಟಾಗಿ ಇರುವುದಿಲ್ಲ ಎಂದು ವೈದ್ಯಲೋಕ ಬಹುಕಾಲ ನಂಬಿತ್ತು. 1980ರ ದಶಕದಲ್ಲೂ ನವಜಾತ ಶಿಶುಗಳಿಗೆ ಸಾಕಷ್ಟು ಅರಿವಳಿಕೆ ಕೊಡದೆ ಶಸ್ತ್ರಚಿಕಿತ್ಸೆ ಮಾಡುವುದಿತ್ತು. ಆಕ್ಸ್‌ಫರ್ಡ್‌ನಲ್ಲಿದ್ದ ಭಾರತೀಯ ಮೂಲದ ವೈದ್ಯ ಕೆ. ಜೆ. ಎಸ್. ಆನಂದ್ ಮತ್ತು ಸಂಗಡಿಗರು ಇದು ತಪ್ಪೆಂದು 1987ರಲ್ಲಿ ಪ್ರಯೋಗದ ಮೂಲಕ ತೋರಿಸಿದರು.

ನೋವಿದೆ ಎಂದು ಒಪ್ಪಿದ ಮೇಲೆ ಅದನ್ನು ಅಳೆಯುವುದು ಹೇಗೆ? ಇಲ್ಲಿ ಮತ್ತೆ ನರ್ಸ್‌ಗಳು ಬರುತ್ತಾರೆ. ನಗುವ ಮುಖದಿಂದ ಅಳುವ ಮುಖದವರೆಗಿನ ಆರು ಚಿತ್ರಗಳನ್ನು ನೀವು ಆಸ್ಪತ್ರೆಯ ಗೋಡೆಯ ಮೇಲೆ ನೋಡಿರಬಹುದು. ಅದನ್ನು ರೂಪಿಸಿದವರು ಅಮೆರಿಕದ ಒಕ್ಲಹೋಮಾದಲ್ಲಿದ್ದ ನರ್ಸ್ ಡೊನ್ನಾ ವಾಂಗ್ ಮತ್ತು ಆಸ್ಪತ್ರೆಯ ಮಕ್ಕಳಿಗೆ ಧೈರ್ಯ ತುಂಬುವ ಕೆಲಸದಲ್ಲಿದ್ದ ಕಾನಿ ಬೇಕರ್. ಸುಟ್ಟಗಾಯದ ಮಕ್ಕಳ ಜೊತೆ ಕೆಲಸ ಮಾಡುತ್ತಾ, ಆ ಮಕ್ಕಳ ಕೈಯಲ್ಲೇ ಮುಖಗಳನ್ನು ಬರೆಸಿ ಅವರು ಇದನ್ನು ಸಿದ್ಧಪಡಿಸಿದರು. ಬೆರಳಿಟ್ಟು ತೋರಿಸಲೂ ಬಾರದ ಎಳೆಯರಿಗಾಗಿ ಮಿಷಿಗನ್‌ನ ನರ್ಸ್ ಸಾಂಡ್ರಾ ಮರ್ಕೆಲ್ ಮತ್ತು ಸಂಗಡಿಗರು 1997ರಲ್ಲಿ ಇನ್ನೊಂದು ಅಳತೆ ಪ್ರಕಟಿಸಿದರು. ಮುಖ, ಕಾಲು, ಚಲನೆ, ಅಳು, ಸಂತೈಸಿದರೆ ಸುಮ್ಮನಾಗುತ್ತದೆಯೇ ಎಂಬ ಐದು ಅಂಶಗಳು, ಒಂದೊಂದಕ್ಕೂ 0ಯಿಂದ 2 ಅಂಕ. ಕಾಶ್ಯಪ ಸಂಹಿತೆಯ ಅಧ್ಯಾಯಕ್ಕೆ ಶತಮಾನಗಳ ಬಳಿಕ ಬರೆದ ಟಿಪ್ಪಣಿಯ ಹಾಗಿದೆ ಇದು.

* * *

ತಪ್ಪಾಗಿ ಕೇಳಿಸಿಕೊಂಡ ಇತಿಹಾಸವೂ ಇದೆ. ಬ್ರಿಟನ್ನಿನ ಅನೇಕ ಆಸ್ಪತ್ರೆಗಳು ಮಕ್ಕಳ ವಾರ್ಡಿಗೆ ತಂದೆತಾಯಿಯರನ್ನು ಸೇರಿಸುತ್ತಿರಲಿಲ್ಲ, ಸೇರಿಸಿದರೂ ಅಲ್ಪ ಹೊತ್ತು ಮಾತ್ರ. ಮೊದಲೆರಡು ದಿನ ಅತ್ತ ಮಗು ಆಮೇಲೆ ಸುಮ್ಮನಾದರೆ 'ಹೊಂದಿಕೊಂಡಿತು' ಎಂದು ಎಲ್ಲರೂ ನೆಮ್ಮದಿಪಡುತ್ತಿದ್ದರು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್, ಆಸ್ಪತ್ರೆಗೆ ಸೇರಿದ ಎರಡು ವರ್ಷದ ಮಗುವೊಂದರ ದಿನಗಳನ್ನು ಚಿತ್ರೀಕರಿಸಿ, ಆ ಮೌನ ನೆಮ್ಮದಿಯಲ್ಲ, ಹತಾಶೆ ಎಂದು ತೋರಿಸಿದಾಗ ವೈದ್ಯರೂ ನರ್ಸ್‌ಗಳೂ ಸಿಟ್ಟಾದರು. 1959ರ ಪ್ಲಾಟ್ ವರದಿ ಕೊನೆಗೆ ವಾರ್ಡಿನ ಬಾಗಿಲು ತೆರೆಯಿರಿ ಎಂದಿತು. ಮಮತೆ ಇದ್ದರೂ ಕಿವಿ ತಪ್ಪಬಹುದು ಎಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಸರ್ಕಾರಿ ವಾರ್ಡುಗಳಲ್ಲಿ ತಾಯಿ ಮಂಚದ ಪಕ್ಕದಲ್ಲೇ ಚಾಪೆ ಹಾಸಿ ಉಳಿದಳು. ಆದರೆ ನವಜಾತ ಶಿಶುಗಳ ಗಾಜಿನ ಕೋಣೆಯ ಹೊರಗೆ ಅವಳೂ ನಿಲ್ಲಬೇಕಾಯಿತು. ಆ ಗಾಜನ್ನು ಸರಿಸಿದ್ದು 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದ ಕಾಂಗರೂ ಆರೈಕೆ. ಕಡಿಮೆ ತೂಕದ ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟುವುದು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದರೆ ಮೊದಲ 28 ದಿನಗಳ ಸಾವು ಶೇ. 15.7ರಿಂದ 12ಕ್ಕೆ ಇಳಿಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಈ ಪದ್ಧತಿಯನ್ನು ಸರ್ಕಾರಿ ಆಸ್ಪತ್ರೆಗಳಿಂದ ಮನೆಯವರೆಗೆ ಒಯ್ಯುವ ಪ್ರಯತ್ನ ನಡೆದಿದೆ. ಇದರ ದಿನನಿತ್ಯದ ಭಾರ ಹೊರುವವರು ನರ್ಸ್‌ಗಳೇ. ಹೆದರಿದ ತಾಯಿಯ ಎದೆಗೆ ಮಗುವನ್ನು ಕಟ್ಟುವುದು, ಅದರ ಉಸಿರು ಯಾವಾಗ ಸರಿ, ಯಾವಾಗ ತಪ್ಪು ಎಂದು ಕಲಿಸುವುದು. ಕೇಳುವ ವಿದ್ಯೆಯನ್ನು ತಾವು ಇಟ್ಟುಕೊಳ್ಳದೆ ತಾಯಿಗೆ ದಾಟಿಸುವುದು.

* * *

'ತಾಯಿಯಂಥವಳು' ಎಂಬ ಹೊಗಳಿಕೆಯಲ್ಲಿ ಒಂದು ಅಪಾಯವಿದೆ. ಮಮತೆಗೆ ಸಂಬಳ ಕೇಳುವಂತಿಲ್ಲ, ಪಾಳಿ ಎಣಿಸುವಂತಿಲ್ಲ, ಸುಸ್ತಾಯಿತು ಎನ್ನುವಂತಿಲ್ಲ. ಕೇಳುವುದು ಒಂದು ವಿದ್ಯೆ ಎಂದು ಒಪ್ಪಿದರೆ ಲೆಕ್ಕ ಬದಲಾಗುತ್ತದೆ. ವಿದ್ಯೆಗೆ ಕಲಿಕೆ ಬೇಕು, ಗೌರವ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಸಮಯ ಬೇಕು. ಮೂವತ್ತು ಮಕ್ಕಳನ್ನು ಒಬ್ಬಳ ಕೈಗೆ ಕೊಟ್ಟರೆ ಅವಳು ಸೂಜಿ ಚುಚ್ಚಬಹುದು, ಚೀಟಿ ಬರೆಯಬಹುದು. ಒಂದು ಮಗುವಿನ ಕೈ ಮತ್ತೆ ಮತ್ತೆ ಕಿವಿಗೆ ಹೋಗುತ್ತಿರುವುದು ಅವಳ ಕಣ್ಣಿಗೆ ಬೀಳುವುದು ಹೇಗೆ?

ಪಾಂಡೇಸರಾದ ತಾಯಿಗೆ ಆ ಸಿಸ್ಟರ್‌ನ ಗುಜರಾತಿ ಪೂರ್ತಿ ಅರ್ಥವಾಗುವುದಿಲ್ಲ. ಆದರೂ ಮಗುವನ್ನು ಅವರ ಕೈಗೆ ಕೊಡುತ್ತಾಳೆ. ಆ ನಂಬಿಕೆ ಉಳಿಯುವುದು, ತೊಟ್ಟಿಲ ಬಳಿ ಇನ್ನೊಂದು ನಿಮಿಷ ನಿಂತು ನೋಡುವಷ್ಟು ಬಿಡುವನ್ನು ನಾವು ಅವರಿಗೆ ಕೊಟ್ಟರೆ ಮಾತ್ರ.